ಗಿಡ ನೆಡಾಕೆ ಎಲ್ರೂ ಬತ್ತಾರೆ: ಲ್ಯಾಂಡ್‌ಸ್ಕೇಪ್ ಆಫೀಸೊಂದು ಸರ್ಕಾರಿ ಶಾಲೆಯ ಅಂಗಳಕ್ಕೆ ಇಳಿಯುವುದು ಹೇಗೆ

ನಮ್ಮದು ಬೆಂಗಳೂರಿನಲ್ಲಿ ಹನ್ನೆರಡು ಜನರ ಲ್ಯಾಂಡ್‌ಸ್ಕೇಪ್ ಆಫೀಸು. ಅಪಾರ್ಟ್‌ಮೆಂಟಿನ ಪಾರ್ಕು, ಫಾರ್ಮ್‌ಹೌಸು, ಆಗೊಂದು ಈಗೊಂದು ಕಾಲೇಜು ಕ್ಯಾಂಪಸ್ಸು, ಇದೇ ಹೊಟ್ಟೆಪಾಡು. ಸಮಾಜಕ್ಕೂ ಒಂದಿಷ್ಟು ಕೆಲಸ ಮಾಡೋಣ ಅಂತ ಮೊದಲ ಸಲ ಹೊರಟಾಗ ಎಲ್ಲರೂ ಮಾಡುವುದನ್ನೇ ಮಾಡಿದೆವು. ಜೂನ್ 5, ಪರಿಸರ ದಿನ. ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು, ಟೆಂಪೋದಲ್ಲಿ 120 ಸಸಿ ಹೇರಿಕೊಂಡು ಊರಾಚೆಯ ಸರ್ಕಾರಿ ಶಾಲೆಯೊಂದಕ್ಕೆ ಹೋದೆವು. ಹನ್ನೆರಡೂವರೆಗೆಲ್ಲ ನೆಟ್ಟು ಮುಗಿಸಿ, ಚಿತ್ರಾನ್ನ ತಿಂದು, ಫೋಟೊ ತೆಗೆಸಿಕೊಂಡು ಬಂದೆವು. ಮುಂದಿನ ಯುಗಾದಿ ಹೊತ್ತಿಗೆ ಹೋಗಿ ನೋಡಿದರೆ ಬದುಕಿದ್ದು ಹನ್ನೊಂದು.

ಒಣಗಿದ ಕಡ್ಡಿಗಳ ನಡುವೆ ಪೆಚ್ಚಾಗಿ ನಿಂತಿದ್ದೆವು. ಬಿಸಿಯೂಟದ ಅಡುಗೆಮನೆಯಿಂದ ಅಕ್ಕ ಒಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನಮ್ಮನ್ನೂ ಕಡ್ಡಿಗಳನ್ನೂ ಒಮ್ಮೆ ನೋಡಿದರು. "ಗಿಡ ನೆಡಾಕೆ ಎಲ್ರೂ ಬತ್ತಾರೆ ಕಣ್ ಸಾ. ನೀರು ಹುಯ್ಯಾಕೆ ಯಾರ್ ಬತ್ತಾರೆ?" ಅಂದರು.

ಕ್ಲೈಂಟ್ ಸೈಟಿನಲ್ಲಿ ನೀರಿನ ವ್ಯವಸ್ಥೆ ಇಲ್ಲದೆ ಒಂದು ಹುಲ್ಲುಕಡ್ಡಿ ಹಾಕಲು ಬಿಡದ ನಾವು, ಬಿಟ್ಟಿ ಕೆಲಸ ಅಂದ ಕೂಡಲೇ ಕಲಿತದ್ದನ್ನೆಲ್ಲ ಆಫೀಸಿನಲ್ಲೇ ಬಿಟ್ಟು ಹೋಗಿದ್ದೆವು. ಮರುವರ್ಷ ಅದೇ ಶಾಲೆಗೆ ಬೇರೆ ರೀತಿಯಲ್ಲಿ ಹೋದೆವು. ಆ ರೀತಿ ಏನು ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಐದರಿಂದ ಇಪ್ಪತ್ತು ಜನರಿರುವ ಆಫೀಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಹಂತ 1: ಕೆಲಸವನ್ನು ಡಿಸೆಂಬರಿನಲ್ಲಿ ಶುರು ಮಾಡಿ, ಆಫೀಸಿನ ಸಮಯದಲ್ಲೇ ಮಾಡಿ

ಜೂನ್‌ನಲ್ಲಿ ನೆಡಬೇಕಾದರೆ ಡಿಸೆಂಬರಿನಲ್ಲಿ ಮಾತು ಶುರುವಾಗಬೇಕು. ಅಳತೆ, ಮಾತುಕತೆ, ಪತ್ರ, ನೀರಿನ ತೊಟ್ಟಿ, ಗುಂಡಿ, ಇಷ್ಟಕ್ಕೂ ಆರು ತಿಂಗಳು ಬೇಕೇ ಬೇಕು. ಮೊದಲ ಮಾತು ಶಾಲೆಯೊಂದಿಗಲ್ಲ, ಆಫೀಸಿನವರೊಂದಿಗೆ.

ಭಾನುವಾರ ಬನ್ನಿ ಅಂತ ಕರೆಯಬೇಡಿ. ಆರು ದಿನ ಡ್ರಾಯಿಂಗ್ ಮಾಡಿ ಸುಸ್ತಾದವರನ್ನು ಏಳನೇ ದಿನ ಗುದ್ದಲಿ ಹಿಡಿಸಿದರೆ ಅದು ಸೇವೆಯಲ್ಲ, ಸಂಬಳವಿಲ್ಲದ ಓಟಿ. ನಾವು ತಲೆಗೆ ತಿಂಗಳಿಗೆ 4 ಗಂಟೆ ಅಂತ ಇಟ್ಟುಕೊಂಡೆವು, ಕೆಲಸದ ದಿನದಲ್ಲಿ, ಟೈಮ್‌ಶೀಟಿನಲ್ಲಿ ಬೇರೆ ಪ್ರಾಜೆಕ್ಟಿನ ಹಾಗೆಯೇ ನಮೂದಿಸಿ. ಹನ್ನೆರಡು ಜನಕ್ಕೆ ವರ್ಷಕ್ಕೆ 576 ಗಂಟೆ. ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ ಒಬ್ಬರ 72 ದಿನದ ದುಡಿಮೆ. ಈ ಅಂಕಿ ಗೋಡೆಗೆ ಅಂಟಿಸಿದ ಮೇಲೆಯೇ ಮಾಲೀಕರಿಗೂ ನೌಕರರಿಗೂ ಕೆಲಸದ ಗಾತ್ರ ಅರ್ಥವಾದದ್ದು. ಇಷ್ಟರಲ್ಲಿ ಒಂದು ಶಾಲೆಯ ಅಂಗಳ ಆಗುತ್ತದೆ. ಕೆರೆ ಆಗುವುದಿಲ್ಲ. ಕೆರೆಯ ಆಸೆ ಇದ್ದರೆ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಅಲ್ಲಿ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟು ಕಟ್ಟಿಕೊಂಡು ವರ್ಷಗಟ್ಟಲೆ ದುಡಿದಿದ್ದಾರೆ. ಪಕ್ಕದ ಮನೆಯವರಿಗೆ ಸಾಧ್ಯವಾಗುವ ಆ ನಿಗಾ ದೂರದ ಆಫೀಸಿನವರಿಂದ ಆಗದು.

ಯಾರನ್ನೂ ಬಲವಂತ ಮಾಡಬೇಡಿ, ಬಾರದವರನ್ನು ಕೊಂಕು ನೋಡಬೇಡಿ. ಬಿಸಿಲಿಗೆ ಬರಲಾಗದವರಿಗೆ ಪತ್ರ ಬರೆಯುವ, ರೇಟು ವಿಚಾರಿಸುವ, ಡ್ರಾಯಿಂಗ್ ಮಾಡುವ ಕೆಲಸ ಧಾರಾಳವಾಗಿದೆ. ನಮ್ಮಲ್ಲಿ ಅಕೌಂಟ್ಸ್ ನೋಡುವ ಮೇಡಂ ಒಮ್ಮೆಯೂ ಗುದ್ದಲಿ ಮುಟ್ಟಲಿಲ್ಲ. ಆದರೆ ಪ್ರತಿ ಗಿಡಕ್ಕೂ ಒಂದು ನಂಬರು ಕೊಟ್ಟು, ಲೆಡ್ಜರ್ ಪುಸ್ತಕದಲ್ಲಿ ನೆಟ್ಟ ತಾರೀಖು, ಎತ್ತರ, ಬದುಕಿದೆಯೋ ಸತ್ತಿದೆಯೋ ಅಂತ ಸಾಲಗಾರರ ಖಾತೆ ಬರೆದ ಹಾಗೆ ಬರೆದಿಟ್ಟರು. ಆ ಪುಸ್ತಕ ಇಲ್ಲದಿದ್ದರೆ ಮೂರನೇ ವರ್ಷದ ಹೊತ್ತಿಗೆ ನಾವು ನಮಗೇ ಸುಳ್ಳು ಹೇಳಿಕೊಳ್ಳುತ್ತಿದ್ದೆವು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಿಮ್ಮ ಸೈಟಿನ ಮಾಲಿಗಳನ್ನು, ದಿನಗೂಲಿಯವರನ್ನು ಕರೆದುಕೊಂಡು ಹೋದರೆ ಆ ದಿನದ ಕೂಲಿ ಕೊಡಿ. ತಿಂಗಳ ಸಂಬಳದವರ ಪುಣ್ಯಕ್ಕೆ ದಿನಗೂಲಿಯವರ ಹೊಟ್ಟೆ ಕಟ್ಟಬಾರದು.

ಹಂತ 2: ಜಾಗ ಆರಿಸುವಾಗ ಎರಡೇ ಪ್ರಶ್ನೆ

ಆಫೀಸಿನಿಂದ ಮುಕ್ಕಾಲು ಗಂಟೆಯೊಳಗೆ ಹೋಗಿಬರುವ ದೂರದಲ್ಲಿದೆಯೇ? ಅಲ್ಲಿ ಕೆಲಸ ನಡೆಯಬೇಕು ಅಂತ ಬಯಸುವ ಒಬ್ಬ ವ್ಯಕ್ತಿ ಒಳಗೆ ಇದ್ದಾರೆಯೇ? ಎರಡಕ್ಕೂ ಹೌದು ಅನ್ನುವಂತಿದ್ದರೆ ಮಾತ್ರ ಮುಂದಿನ ಮಾತು. ದೂರದ ಚೆಂದದ ಶಾಲೆಗಿಂತ ಹತ್ತಿರದ ಸಾಧಾರಣ ಶಾಲೆ ಮೇಲು, ಏಕೆಂದರೆ ಮಾರ್ಚ್ ತಿಂಗಳಲ್ಲಿ "ಸಾರ್, ಪೈಪು ಒಡೆದಿದೆ" ಅಂತ ಫೋನು ಬಂದರೆ ಅದೇ ದಿನ ಹೋಗಲು ಆಗಬೇಕು. ಒಳಗಿನ ವ್ಯಕ್ತಿ ಮುಖ್ಯೋಪಾಧ್ಯಾಯರೇ ಆಗಿರಬೇಕಿಲ್ಲ. ಪಿ.ಟಿ. ಮೇಷ್ಟ್ರು, ವಿಜ್ಞಾನದ ಟೀಚರು, ನಮ್ಮ ಕತೆಯಲ್ಲಿ ಆದಂತೆ ಅಡುಗೆಯ ಅಕ್ಕ, ಯಾರಾದರೂ ಸರಿ.

ಹಂತ 3: ಕಾಗದ ಪತ್ರ

ಬಾಯಿಮಾತಿನ ಒಪ್ಪಿಗೆ ಮೇಲೆ ಒಂದು ಗುಂಡಿಯನ್ನೂ ತೋಡಬೇಡಿ. ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಕೊಡಿ: ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಖರ್ಚು ಯಾರದು, ಎಷ್ಟು ವರ್ಷ ಬರುತ್ತೇವೆ. ಅವರು ಅದನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿಟ್ಟು ನಡಾವಳಿಯಲ್ಲಿ ಬರೆಸಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಗ್ರಾಮ ಪಂಚಾಯಿತಿಗೂ ಒಂದೊಂದು ಪ್ರತಿ ಹೋಗಲಿ.

ಶಾಲೆಯ ಜಾಗದ ಪಹಣಿ ಅಥವಾ ದಾನಪತ್ರ ನೋಡುವುದನ್ನು ಮರೆಯಬೇಡಿ. ಹಳ್ಳಿಯ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ನಡೆಯುವ ಶಾಲೆಗಳಿವೆ. ಅಂಚಿನ ಬಗ್ಗೆ ತಕರಾರಿದ್ದರೆ ನೀವು ನೆಟ್ಟ ಬೇಲಿ ಸಾಲೇ ಜಗಳಕ್ಕೆ ನೆಪವಾಗುತ್ತದೆ. ತಕರಾರಿನ ಬದಿಯನ್ನು ಹತ್ತಡಿ ಬಿಟ್ಟುಬಿಡಿ. ಇರುವ ಮರ ಕಡಿಯಬೇಕು ಅಂತ ಯಾರಾದರೂ ಅಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. "ಶಾಲೆಯವರೇ ಹೇಳಿದರು" ಅನ್ನುವುದು ಉತ್ತರ ಆಗುವುದಿಲ್ಲ.

ಮಕ್ಕಳ ಮುಖ ಕಾಣುವ ಫೋಟೊಗಳನ್ನು ಆಫೀಸಿನ ಪ್ರಚಾರಕ್ಕೆ ಬಳಸುವುದಿಲ್ಲ ಅಂತ ಆ ಪತ್ರದಲ್ಲೇ ಬರೆದುಕೊಟ್ಟೆವು. ಹೆಡ್ ಮೇಡಂ ಮೊದಲ ಬಾರಿ ನಮ್ಮನ್ನು ನಂಬಿದ್ದು ಆ ಸಾಲು ಓದಿದಾಗ ಅಂತ ನನ್ನ ಅನಿಸಿಕೆ.

ಹಂತ 4: ಅಳತೆ, ಮಕ್ಕಳ ಜೊತೆ

ಲೆವೆಲ್ ತೆಗೆಯುವ ದೊಡ್ಡ ಯಂತ್ರ ಶಾಲೆಗೆ ಒಯ್ಯಬೇಡಿ. 30 ಮೀಟರಿನ ಟೇಪು, ಸುಣ್ಣದ ಪುಡಿ, ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಟ್ಯೂಬು, ಇಷ್ಟು ಸಾಕು. ಯಂತ್ರ ತಂದರೆ ಕೆಲಸ ಒಂದು ಗಂಟೆಯಲ್ಲಿ ಮುಗಿದು ಮಕ್ಕಳು ದೂರ ನಿಂತು ನೋಡುತ್ತಾರೆ. ಟ್ಯೂಬಿನಲ್ಲಿ ಒಂದು ಬೆಳಿಗ್ಗೆ ಹಿಡಿಯುತ್ತದೆ, ಆದರೆ ಏಳನೇ ಕ್ಲಾಸಿನವರು ಇಡೀ ಅಂಗಳದ ಏರುತಗ್ಗು ಕಲಿತುಬಿಡುತ್ತಾರೆ.

ವಿಧಾನ ಇಷ್ಟೇ. ಹದಿನೈದು ಮೀಟರ್ ಟ್ಯೂಬಿಗೆ ಗುಳ್ಳೆ ಉಳಿಯದಂತೆ ನೀರು ತುಂಬಿ. ನೀರಿಗೆ ಚೂರು ಅರಿಶಿನ ಕಲೆಸಿದರೆ ಚೆನ್ನಾಗಿ ಕಾಣುತ್ತದೆ. ಒಂದು ತುದಿಯನ್ನು ಜಗುಲಿಯ ಮೆಟ್ಟಿಲ ಹತ್ತಿರ ಒಬ್ಬ ಹುಡುಗಿ ಹಿಡಿಯಲಿ, ಇನ್ನೊಂದು ತುದಿಯನ್ನು ಅಂಗಳದ ಬೇರೆ ಬೇರೆ ಕಡೆಗೆ ಇನ್ನೊಬ್ಬ ಒಯ್ಯಲಿ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎರಡೂ ಕಡೆ ನೆಲದಿಂದ ನೀರಿನವರೆಗಿನ ಎತ್ತರ ಅಳೆದು ಕಳೆದರೆ ನೆಲ ಎಷ್ಟು ತಗ್ಗಿದೆ ಗೊತ್ತಾಗುತ್ತದೆ. ನಮ್ಮ ಶಾಲೆಯಲ್ಲಿ ಜಗುಲಿಯಿಂದ ಗೇಟಿನವರೆಗೆ 40 ಸೆಂಟಿಮೀಟರ್ ಇಳಿಜಾರು ಬಂತು. ಒಬ್ಬ ಹುಡುಗ ತಕ್ಷಣ ಹೇಳಿದ: "ಅದಕ್ಕೇ ಸಾರ್ ಮಳೆ ಬಂದ್ರೆ ನಮ್ ಚಪ್ಲಿ ಗೇಟ್ ಹತ್ರ ಹೋಗೋದು." ಆ ವಯಸ್ಸಿನಲ್ಲಿ ನನಗೆ ಕಾಂಟೂರ್ (ನೆಲದ ಏರುತಗ್ಗು ತೋರಿಸುವ ಗೆರೆ) ಅಂದರೇನು ಅಂತ ಯಾರೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಅದೇ ದಿನ ಮೂರು ಕಡೆ ಒಂದಡಿ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ನೋಡಿ. ಒಂದಿಂಚೂ ಇಳಿಯದ ಕಡೆ ಇಂಗುಗುಂಡಿ ಮಾಡಿ ಪ್ರಯೋಜನವಿಲ್ಲ, ಕಟ್ಟಡದ ಪಾಯದಿಂದ ಹತ್ತಡಿಯೊಳಗೂ ಬೇಡ. ನಮ್ಮ ಒಂದು ಗುಂಡಿಯಲ್ಲಿ ಅರ್ಧ ಅಡಿಗೇ ಇಟ್ಟಿಗೆ ಚೂರು, ಸಿಮೆಂಟ್ ಗಂಟು ಸಿಕ್ಕಿತು. ಹಳೆಯ ಕೊಠಡಿ ಕೆಡವಿದ್ದನ್ನು ಅಲ್ಲೇ ಹರಡಿದ್ದರಂತೆ. ಸತ್ತ ಗಿಡಗಳಲ್ಲಿ ಬಹಳಷ್ಟು ಆ ಮೂಲೆಯಲ್ಲೇ ಇದ್ದವು.

ಹಂತ 5: ಪ್ರೊಜೆಕ್ಟರ್ ಬಿಡಿ, ಸುಣ್ಣ ಹಿಡಿಯಿರಿ

ಸಮುದಾಯದ ಸಭೆ ಅಂದರೆ ಪರದೆ ಮೇಲೆ ಬಣ್ಣದ ವ್ಯೂ ತೋರಿಸಿ "ಏನಂತೀರಿ?" ಅಂತ ಕೇಳುವುದು ನಮ್ಮ ವೃತ್ತಿಯ ಚಾಳಿ. ಎಲ್ಲರೂ "ಚೆನ್ನಾಗಿದೆ ಸಾರ್" ಅಂತಾರೆ. ಊರವರ ಮರ್ಯಾದೆ ಅದು, ಅಭಿಪ್ರಾಯ ಅಲ್ಲ.

ಅದರ ಬದಲು ಒಬ್ಬೊಬ್ಬರ ಜೊತೆ ಅಂಗಳದಲ್ಲಿ ನಡೆಯಿರಿ. ಅಡುಗೆಯವರ ಜೊತೆ, ಹುಡುಗಿಯರ ಜೊತೆ, ಗೇಟಿನ ಎದುರಿನ ಅರಳಿಕಟ್ಟೆಯಲ್ಲಿ ಕೂರುವ ಅಜ್ಜಂದಿರ ಜೊತೆ, ಸಂಜೆ ಕ್ರಿಕೆಟ್ ಆಡಲು ಬರುವ ಊರ ಹುಡುಗರ ಜೊತೆ. ಅಡುಗೆಯ ಅಕ್ಕ ಗ್ಯಾಸ್ ಸಿಲಿಂಡರ್ ಗಾಡಿ ತಿರುಗುವ ಜಾಗ ತೋರಿಸಿದರು, ನಮ್ಮ ಮೊದಲ ಡ್ರಾಯಿಂಗಿನಲ್ಲಿ ಅಲ್ಲಿ ಸಂಪಿಗೆ ಮರವಿತ್ತು. ಶೌಚಾಲಯದ ದಾರಿಗೆ ಪೊದೆ ಬೇಡ, ಹಿಂದೆ ಯಾರಾದರೂ ನಿಂತರೆ ಕಾಣುವುದಿಲ್ಲ ಅಂದರು ಹುಡುಗಿಯರು. ಕ್ರಿಕೆಟ್ ಹುಡುಗರನ್ನು ಮರೆತರೆ ಪಿಚ್ ಮಧ್ಯದ ಸಸಿ ಒಂದು ವಾರವೂ ಬಾಳದು. ಅವರನ್ನು ಮೊದಲೇ ಕೇಳಿ ಪಿಚ್ಚನ್ನು ಪಿಚ್ಚಾಗಿಯೇ ಬಿಟ್ಟೆವು. ನಂತರ ಮೇಕೆ ಓಡಿಸಿದವರು ಅವರೇ.

ಈಗ ಸುಣ್ಣ. ಕರಡು ಪ್ಲಾನನ್ನು ಕಾಗದದಲ್ಲಿ ತೋರಿಸುವ ಬದಲು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ನಿಜ ಅಳತೆಗೆ ಬರೆಯಿರಿ. ದಾರಿಗೆ ಎರಡು ಗೆರೆ, ಗಿಡಕ್ಕೆ ಒಂದು ಸುತ್ತು, ಕಟ್ಟೆಗೆ ಒಂದು ಚೌಕ. ಬರೆದು, ಒಂದು ವಾರ ಹಾಗೇ ಬಿಟ್ಟು ಬನ್ನಿ. ಮುಟ್ಟಬೇಡಿ ಅಂತ ಯಾರಿಗೂ ಹೇಳಬೇಡಿ.

ವಾರದ ನಂತರ ಹೋದಾಗ ನಮ್ಮ ಇಂಟರ್ನ್ ಹುಡುಗಿ ಗೇಟಿನಲ್ಲೇ ನಿಂತು ನಕ್ಕುಬಿಟ್ಟಳು. ಅವಳು ಎರಡು ದಿನ ಕೂತು ಬರೆದ ಅಂಕುಡೊಂಕಿನ ಸೊಗಸಾದ ದಾರಿ ಹಾಗೇ ಬೆಳ್ಳಗೆ ಉಳಿದಿತ್ತು, ಒಂದು ಹೆಜ್ಜೆಯೂ ಬಿದ್ದಿರಲಿಲ್ಲ. ಗೇಟಿನಿಂದ ನಲ್ಲಿಗೆ, ನಲ್ಲಿಯಿಂದ ಐದನೇ ಕ್ಲಾಸಿನ ಬಾಗಿಲಿಗೆ ನೇರವಾಗಿ ಸುಣ್ಣವೆಲ್ಲ ಅಳಿಸಿಹೋಗಿತ್ತು, ಎರಡು ಮರದ ಸುತ್ತುಗಳನ್ನೂ ನುಂಗಿಕೊಂಡು. ಅಳಿಸಿದ ಕಡೆ ದಾರಿ ಬರೆದೆವು, ಉಳಿದ ಕಡೆ ಗಿಡ ಇಟ್ಟೆವು. ಅಂದಿನಿಂದ ಕ್ಲೈಂಟ್ ಕೆಲಸದಲ್ಲೂ ಜಾಗವಿದ್ದರೆ ಸುಣ್ಣ ಒಯ್ಯುತ್ತೇವೆ.

ಹಂತ 6: ನೀರಿನ ಲೆಕ್ಕದಿಂದ ಗಿಡದ ಲೆಕ್ಕ

ಇಡೀ ಕೆಲಸದಲ್ಲಿ ಒಂದೇ ಹಂತಕ್ಕೆ ತಲೆ ಕೊಡುವಷ್ಟು ಪುರುಸೊತ್ತಿದೆ ಅಂದರೆ ಇದಕ್ಕೆ ಕೊಡಿ. ಎಷ್ಟು ಗಿಡ ನೆಡಬೇಕು ಅನ್ನುವುದನ್ನು ನಿಮ್ಮ ಉತ್ಸಾಹವಾಗಲಿ ಟೆಂಪೋದ ಅಳತೆಯಾಗಲಿ ತೀರ್ಮಾನಿಸಬಾರದು. ಏಪ್ರಿಲ್ ತಿಂಗಳ ನೀರು ತೀರ್ಮಾನಿಸಬೇಕು.

ಮೊದಲ ಬೇಸಿಗೆಯಲ್ಲಿ ಒಂದು ಸಸಿಗೆ ವಾರಕ್ಕೆ ಎರಡು ಸಲ, ಸಲಕ್ಕೆ 10 ಲೀಟರ್ ಅಂತ ಇಟ್ಟುಕೊಳ್ಳಿ. 40 ಸಸಿಗೆ ವಾರಕ್ಕೆ 800 ಲೀಟರ್. ನಮ್ಮ ಶಾಲೆಯ 120 ಮಕ್ಕಳು ಮಧ್ಯಾಹ್ನ ಊಟವಾದ ಮೇಲೆ ತಟ್ಟೆ, ಕೈ ತೊಳೆಯುವ ಜಾಗದಲ್ಲಿ ಮೂರು ದಿನ ಕೂತು ಅಳೆದೆವು. ತಲೆಗೆ ಸುಮಾರು ಒಂದೂವರೆ ಲೀಟರ್. ದಿನಕ್ಕೆ 180, ವಾರದ ಐದು ದಿನಕ್ಕೆ 900 ಲೀಟರ್. ಚರಂಡಿಗೆ ಹೋಗಿ ಸೊಳ್ಳೆ ಸಾಕುತ್ತಿದ್ದ ನೀರು 40 ಗಿಡಕ್ಕೆ ಸಾಕು. ಮೊದಲ ವರ್ಷದ 120 ಸಸಿಗೆ ಬೇಕಿದ್ದದ್ದು ಇದರ ಮೂರು ಪಟ್ಟು. ಅವು ಯಾಕೆ ಸತ್ತವು ಅನ್ನುವುದಕ್ಕೆ ಬೇರೆ ತನಿಖೆ ಬೇಕಾಗಲಿಲ್ಲ.

ತೊಳೆಯುವ ಕಟ್ಟೆಯ ತುದಿಯಲ್ಲಿ ಅನ್ನದ ಅಗುಳು ಹಿಡಿಯಲು ಜಾಲರಿ, ಆಮೇಲೆ ಜಲ್ಲಿ ತುಂಬಿದ ಚಿಕ್ಕ ತೊಟ್ಟಿ, ಅಲ್ಲಿಂದ ನೆಲಮಟ್ಟಕ್ಕೆ ಹುಗಿದ 200 ಲೀಟರಿನ ಡ್ರಮ್ಮು. ಮುಚ್ಚಳ ಕಡ್ಡಾಯ. ಆ ನೀರನ್ನು ಅಂದಂದೇ ಖಾಲಿ ಮಾಡಬೇಕು, ಮರುದಿನಕ್ಕೆ ಉಳಿದರೆ ನಾರುತ್ತದೆ. ಸೋಪಿನ ಪುಡಿ ಬಳಸುವ ಶಾಲೆಯಾದರೆ ಅದನ್ನು ಸೊಪ್ಪು ತರಕಾರಿಗೆ ಬಿಡಬೇಡಿ. ಬಾಳೆಗೆ, ಮರದ ಗಿಡಗಳಿಗೆ ಬಿಡಿ.

ಇಷ್ಟಾದ ಮೇಲೆ ಲೆಕ್ಕ ಕೂಡಿತು ಅಂತ ನಾವು ಬೀಗುತ್ತಿದ್ದಾಗ ಹೆಡ್ ಮೇಡಂ ಕೇಳಿದರು: "ದಸರಾ ರಜಾ ಬಿಡಿ, ಮಳೆ ಇರುತ್ತೆ. ಬೇಸಿಗೆ ರಜಾಕ್ಕೆ ಏನ್ಮಾಡ್ತೀರಿ?" ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಮಕ್ಕಳಿಲ್ಲ, ಊಟವಿಲ್ಲ, ತೊಳೆದ ನೀರೂ ಇಲ್ಲ. ಸೂರ್ಯ ನೆತ್ತಿ ಸುಡುವ ಏಳು ವಾರ. 7 ವಾರಕ್ಕೆ 5,600 ಲೀಟರ್.

ಉತ್ತರ ಚಾವಣಿಯಲ್ಲಿತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 150 ಚದರ ಮೀಟರಿನ ಚಾವಣಿ, 50 ಮಿಲಿಮೀಟರ್ ಮಳೆ, ಐದರಲ್ಲೊಂದು ಪಾಲು ಸೋರಿಕೆ ಅಂತ ಬಿಟ್ಟರೂ 6,000 ಲೀಟರ್. ಬೆಂಗಳೂರಿನ ಸುತ್ತ ವರ್ಷಕ್ಕೆ 900 ಮಿಲಿಮೀಟರಿನ ಆಸುಪಾಸು ಮಳೆ. ಹಿಂಗಾರು ಮುಗಿಯುವ ಮೊದಲು 6,000 ಲೀಟರಿನ ಮುಚ್ಚಿದ ಟ್ಯಾಂಕು ತುಂಬಿಸಿ, ವಾಲ್ವಿಗೆ ಬೀಗ ಹಾಕಿ, ಏಪ್ರಿಲ್ ಬರುವವರೆಗೆ ಮುಟ್ಟದಿದ್ದರೆ ಆಯಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಪೈಪಿನಲ್ಲಿ ಒಂದು ತಿರುವು ಇರಲಿ.

ವಾಲ್ವು ತಿರುಗಿಸುವವರು ಯಾರು? ಶಾಲೆಯ ಹಿಂದೆಯೇ ಮನೆಯಿದ್ದ ಅದೇ ಅಕ್ಕ. ಏಳು ವಾರಕ್ಕೆ ಗೌರವಧನ ಅಂತ ಬಜೆಟ್ಟಿನಲ್ಲೇ ಇಟ್ಟೆವು, ರಶೀದಿ ಸಹಿತ. "ನಿಮ್ಮದೇ ಶಾಲೆ ಅಲ್ವಾ" ಅಂತ ಅವರ ಬಿಸಿಲಿನ ದುಡಿಮೆಯನ್ನು ಪುಕ್ಕಟೆ ಕೇಳುವುದು ಸರಿ ಅನ್ನಿಸಲಿಲ್ಲ.

ಸಾಲುಮರದ ತಿಮ್ಮಕ್ಕನ ಹೆಸರು ಎಲ್ಲರ ಭಾಷಣದಲ್ಲೂ ಬರುತ್ತದೆ. ಅವರು ಮಾಡಿದ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರೂ ಪತಿ ಚಿಕ್ಕಯ್ಯನವರೂ ಮೊದಲ ವರ್ಷ ನೆಟ್ಟದ್ದು ಹತ್ತು ಆಲದ ಸಸಿ, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು. ಕೊಡದಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಕಾಪಾಡಿದರು. ಹೊರಲು ಸಾಧ್ಯವಾಗುವಷ್ಟೇ ನೆಟ್ಟರು, ಹಾಗಾಗಿ ಸಾಲು ನಿಂತಿತು.

ಹಂತ 7: ದುಡ್ಡು

ಟ್ಯಾಂಕು, ಪೈಪು, ಕೂಲಿ, ಗೊಬ್ಬರ, ತಡಿಕೆ, ಗೌರವಧನ. ಸಣ್ಣ ಆಫೀಸಿಗೆ ಸಮಯ ಕೊಡುವುದು ಸುಲಭ, ಟ್ಯಾಂಕು ಕೊಡುವುದು ಕಷ್ಟ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಸಿಎಸ್‌ಆರ್ (ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವುದು) ಕಡ್ಡಾಯ ಆಗುವುದು ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳಿಗೆ. ನಾವ್ಯಾರೂ ಆ ಸಾಲಿನವರಲ್ಲ. ಆದರೆ ನಿಮ್ಮ ಕ್ಲೈಂಟುಗಳಲ್ಲಿ ಒಬ್ಬರಾದರೂ ಇದ್ದಾರು. ಅವರ ಹತ್ತಿರ ಹೋಗುವಾಗ ಕನಸಿನ ಚಿತ್ರ ಒಯ್ಯಬೇಡಿ, ಬಿಒಕ್ಯೂ, ಅಂದರೆ ಸಾಮಾನು ಮತ್ತು ಕೆಲಸದ ಅಳತೆಪಟ್ಟಿ ಒಯ್ಯಿರಿ. ಎಷ್ಟು ಮೀಟರ್ ಪೈಪು, ಎಷ್ಟು ಟ್ರ್ಯಾಕ್ಟರ್ ಗೊಬ್ಬರ, ಮೂರು ವರ್ಷದ ನಿರ್ವಹಣೆ ಎಷ್ಟು. ಈ ಕಾಗದ ಮಾಡುವುದು ನಮ್ಮ ಕಸುಬು, ಎನ್‌ಜಿಒಗಳಿಗಿಂತ ಚೆನ್ನಾಗಿ ಬರುತ್ತದೆ. ದುಡ್ಡು ನಿಮ್ಮ ಖಾತೆಗೆ ಬರುವುದೇ ಬೇಡ, ಟ್ಯಾಂಕಿನ ಅಂಗಡಿಗೆ ನೇರ ಹೋಗಲಿ.

ಹಂತ 8: ಯಾವ ಗಿಡ

ಇಲ್ಲಿ ನಮ್ಮವರು ಪಾಂಡಿತ್ಯ ತೋರಿಸಲು ಹೋಗಿ ಕೆಡುತ್ತಾರೆ. ನೆರಳಿಗೆ ಹೊಂಗೆ, ಬೇವು. ತಿನ್ನಲು ನೇರಳೆ, ಸೀಬೆ, ನೆಲ್ಲಿ. ಹೂವಿಗೆ ಕಕ್ಕೆ, ಹೊಳೆದಾಸವಾಳ. ಬಿಸಿಯೂಟಕ್ಕೆ ಕರಿಬೇವು, ನುಗ್ಗೆ. ನುಗ್ಗೆ ಕ್ಲಾಸಿನ ಕಿಟಕಿಯಿಂದ ದೂರವಿರಲಿ, ಕಂಬಳಿಹುಳು ಬಂದರೆ ಆ ವಾರ ಪಾಠ ನಡೆಯುವುದಿಲ್ಲ. ಕೊಂಬೆ ಬೇಗ ಮುರಿಯುವುದರಿಂದ ಹತ್ತುವ ಮಕ್ಕಳಿಗೂ ಅದು ಒಳ್ಳೆಯದಲ್ಲ. ಕಣಗಿಲೆ ಶಾಲೆಯ ಬೇಲಿಗೆ ಬೇಡವೇ ಬೇಡ, ಇಡೀ ಗಿಡ ವಿಷ. ಕರೆಂಟು ತಂತಿಯ ಕೆಳಗೆ ದೊಡ್ಡ ಮರ ನೆಟ್ಟರೆ ಹತ್ತು ವರ್ಷದ ನಂತರ ಲೈನ್‌ಮ್ಯಾನ್ ಬಂದು ಅರ್ಧ ಬೋಳಿಸಿ ಹೋಗುತ್ತಾನೆ.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ಚೀಲದ ಅಳತೆಯ ಮೇಲೆ ಸಿಗುತ್ತವೆ. ನಮಗೆ 8×12 ಇಂಚಿನ ಚೀಲದ್ದು ಸರಿಹೋಯಿತು. ಆಳೆತ್ತರದ ಸಸಿ ಫೋಟೊಕ್ಕೆ ಚೆಂದ, ಆದರೆ ಚಿಕ್ಕ ಚೀಲದಲ್ಲಿ ಬಹಳ ದಿನ ಇದ್ದದ್ದಾದರೆ ಬೇರು ಸಿಂಬೆಯಂತೆ ಸುತ್ತಿಕೊಂಡಿರುತ್ತದೆ. ಒಂದು ಚೀಲ ಬಿಚ್ಚಿ ನೋಡಿಯೇ ತನ್ನಿ.

ನಡುವೆ: ಆಫೀಸಿನೊಳಗಿನ ಚಟುವಟಿಕೆ

ಫೆಬ್ರವರಿ, ಮಾರ್ಚಿನಲ್ಲಿ ಶಾಲೆಯ ಕೆಲಸ ತೆಳುವಾಗಿರುತ್ತದೆ. ಆಗ ನಮ್ಮವರ ಉತ್ಸಾಹ ಆರದಿರಲು ಮಾಡಿದ ಎರಡು ಚಟುವಟಿಕೆ ಹೇಳುತ್ತೇನೆ. ಬೌಲಿಂಗ್, ರೆಸಾರ್ಟಿಗಿಂತ ಅಗ್ಗ.

ಒಂದು, ಮರದ ಡೈರಿ. ಪ್ರತಿಯೊಬ್ಬರೂ ಮನೆಯಿಂದ ಆಫೀಸಿಗೆ ಬರುವ ದಾರಿಯಲ್ಲಿ ಒಂದು ಮರ ಆರಿಸಿಕೊಂಡು, ಎಲೆ ಉದುರಿದ್ದು, ಚಿಗುರಿದ್ದು, ಹೂಬಿಟ್ಟದ್ದು ಬರೆಯುವುದು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ವರ್ಷದ ಪ್ರತಿ ತಿಂಗಳೂ ಒಂದಲ್ಲ ಒಂದು ಬೀದಿ ಹೂಬಿಟ್ಟಿರುವಂತೆ ಮರಗಳನ್ನು ಆರಿಸಿದವರು. ಅವರು ನೋಡಿಕೊಂಡಿದ್ದ ಲಾಲ್‌ಬಾಗಿನಲ್ಲಿ ಒಂದು ಶನಿವಾರ ಎಲ್ಲರೂ ಡೈರಿ ಹಿಡಿದು ಸುತ್ತಿದೆವು. ಒಂದು ವರ್ಷದ ಡೈರಿಗಳನ್ನು ಕೂಡಿಸಿದಾಗ ನಮ್ಮದೇ ಒಂದು ಹೂವಿನ ಕ್ಯಾಲೆಂಡರ್ ಬಂತು, ಈಗ ಪ್ಲಾಂಟಿಂಗ್ ಪ್ಲಾನ್ ಮಾಡುವಾಗ ಅದನ್ನೇ ತೆರೆಯುತ್ತೇವೆ.

ಇನ್ನೊಂದು, ತಾರಸಿಯ ಮೇಲೆ ಸಣ್ಣ ನರ್ಸರಿ. ಹಾಲಿನ ಕವರುಗಳಲ್ಲಿ ಹೊಂಗೆ ಬೀಜ ಹಾಕಿ. ಬೇವು, ನೇರಳೆಯ ಬೀಜ ಹಣ್ಣು ಬಿದ್ದ ಕೆಲವೇ ದಿನದಲ್ಲಿ ಬಿತ್ತಬೇಕು, ಡಬ್ಬಿಯಲ್ಲಿ ಕೂಡಿಟ್ಟರೆ ಮೊಳೆಯುವುದಿಲ್ಲ. ಇದನ್ನು ಕಲಿಸಿದ್ದು ನಮ್ಮ ಸೈಟ್ ಮಾಲಿ. ಆ ದಿನ ಆಫೀಸಿನ ಡಿಗ್ರಿಗಳೆಲ್ಲ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಅವರ ಮಾತು ಬರೆದುಕೊಂಡವು.

ಹಂತ 9: ಗುಂಡಿ ಮೇ ತಿಂಗಳಲ್ಲಿ, ಸಸಿ ಆರಿದ್ರಾ ಮಳೆಯಲ್ಲಿ

ಗುಂಡಿ ಎರಡಡಿ ಉದ್ದ, ಅಗಲ, ಆಳ. ಬಿಸಿಲಿಗೆ ಕಲ್ಲಾದ ಕೆಮ್ಮಣ್ಣಿನಲ್ಲಿ ಇದನ್ನು ಕಂಪ್ಯೂಟರ್ ಕೈಗಳಿಂದ ಮಾಡಿಸಬೇಡಿ. ಒಂದು ಬೆಳಿಗ್ಗೆಗೆ ಎರಡು ಗುಂಡಿ, ಆರು ಬೊಬ್ಬೆ. ಊರಿನವರಿಗೆ ಕೂಲಿ ಕೊಟ್ಟು ಮಾಡಿಸಿ, ಆ ಹಣವಾದರೂ ಊರಲ್ಲಿ ಉಳಿಯಲಿ. ಒಂದೆರಡು ವಾರ ಗುಂಡಿ ಬಿಸಿಲು ಕಾಣಲಿ. ಮೇಲಿನ ಅರ್ಧ ಅಡಿಯ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ತುಂಬುವಾಗ ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ.

ಜೂನ್ 5ಕ್ಕೆ ಅಂಟಿಕೊಳ್ಳಬೇಡಿ. ಮೃಗಶಿರದ ಮೊದಲ ಹನಿಗೆ ನೆಲದ ಮೇಲ್ಪದರ ಮಾತ್ರ ನೆನೆದಿರುತ್ತದೆ. ಹಾರೆ ಹಾಕಿ ನೋಡಿ, ಒಂದಡಿ ಒದ್ದೆಯಾಗಿದ್ದರೆ ನೆಡಿ. ನಮ್ಮ ಕಡೆ ಅದು ಸಾಮಾನ್ಯವಾಗಿ ಜೂನ್ 22ರ ಆಸುಪಾಸಿನಲ್ಲಿ ಹುಟ್ಟುವ ಆರಿದ್ರಾ ಮಳೆಗೆ ಆಗುತ್ತದೆ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತ ಹಳಬರು ಸುಮ್ಮನೆ ಹೇಳಿದ್ದಲ್ಲ. ಜುಲೈ ಮೊದಲ ವಾರದ ವನಮಹೋತ್ಸವವೂ ಹತ್ತಿರವೇ ಇರುವುದರಿಂದ ಸಮಾರಂಭ ಬೇಕು ಅನ್ನುವವರಿಗೂ ನೆಪ ಸಿಗುತ್ತದೆ.

ನೆಡುವ ದಿನ ಇಬ್ಬರು ಮಕ್ಕಳಿಗೆ ಒಂದು ಗಿಡ, ನಾಲ್ಕು ಗಿಡಕ್ಕೆ ಆಫೀಸಿನ ಒಬ್ಬರು. ಚೀಲವನ್ನು ಬ್ಲೇಡಿನಿಂದ ಸೀಳುವ ಕೆಲಸ ದೊಡ್ಡವರದು, ಪ್ಲಾಸ್ಟಿಕ್ ಎಣಿಸಿ ವಾಪಸ್ ತನ್ನಿ: 40 ಗಿಡಕ್ಕೆ 40 ಚೀಲ ಸಿಗಬೇಕು. ಒಂದು ಕಡಿಮೆ ಬಂದರೆ ಯಾರೋ ಚೀಲ ಸಮೇತ ನೆಟ್ಟಿದ್ದಾರೆ ಅಂತಲೇ ಅರ್ಥ. ನಮಗೆ 38 ಸಿಕ್ಕಿ, ಎರಡು ಗಿಡ ಕಿತ್ತು ನೆಟ್ಟೆವು. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಓಆರ್‌ಎಸ್, ಗ್ಲೌಸು ಇರಲಿ. ಹಿಂದಿನ ದಿನವೇ ಹೋಗಿ ಜೇನುಗೂಡು, ಕಲ್ಲುಗುಡ್ಡೆಯಲ್ಲಿ ಹಾವು ನೋಡಿಕೊಂಡು ಬನ್ನಿ. ಮುಳ್ಳುಬೇಲಿ ಬರಿಗಾಲಿನ ಮಕ್ಕಳಿರುವ ಕಡೆ ಆಗದು, ಬಿದಿರ ತಡಿಕೆ ಕಟ್ಟಿ. ಬುಡಕ್ಕೆ ನಾಲ್ಕಿಂಚು ಒಣ ಎಲೆಯ ಹೊದಿಕೆ, ಕಾಂಡಕ್ಕೆ ತಾಗದಂತೆ.

ಹಂತ 10: ನಂತರದ ಮೂರು ವರ್ಷ

ತಿಂಗಳಿಗೊಮ್ಮೆ ಇಬ್ಬರು ಹೋಗಿ, ಲೆಡ್ಜರ್ ಜೊತೆ. ಗಿಡ ಸತ್ತರೆ ಸತ್ತಿತು ಅಂತ ಬರೆಯಿರಿ, ಯಾಕೆ ಅಂತಲೂ. ಮೊದಲ ಬೇಸಿಗೆ ದಾಟಿದಾಗ ನಮ್ಮಲ್ಲಿ 40ರಲ್ಲಿ 34 ನಿಂತಿದ್ದವು. ಸತ್ತ ಆರರಲ್ಲಿ ಮೂರು ಮೇಕೆಗೆ, ಎರಡು ಗೆದ್ದಲಿಗೆ, ಒಂದು ಚೆಂಡಿಗೆ. ನೀರಿಲ್ಲದೆ ಸತ್ತದ್ದು ಒಂದೂ ಇಲ್ಲ. ಎರಡನೇ ಬೇಸಿಗೆಗೆ ನೀರು ವಾರಕ್ಕೊಮ್ಮೆ, ಮೂರನೆಯದಕ್ಕೆ ಹದಿನೈದು ದಿನಕ್ಕೊಮ್ಮೆ. ಉಳಿದ ನೀರಿಗೆ ತಕ್ಕಂತೆ ವರ್ಷಕ್ಕೆ ಹತ್ತು ಹೊಸ ಗಿಡ, ಅದಕ್ಕಿಂತ ಹೆಚ್ಚಿಲ್ಲ.

ಸರ್ಕಾರಿ ಶಾಲೆಯಲ್ಲಿ ವರ್ಗಾವಣೆ ಆಗೇ ಆಗುತ್ತದೆ. ಯಾರ ತಲೆಯಲ್ಲೋ ಇರುವ ವಿಷಯ ಅವರ ಜೊತೆಯೇ ಹೋಗುತ್ತದೆ. ಹಾಗಾಗಿ ಎ3 ಹಾಳೆಯ ಮೇಲೆ ಕನ್ನಡದಲ್ಲಿ ಅಂಗಳದ ನಕ್ಷೆ ಬರೆದು, ಗಿಡದ ನಂಬರು, ಪೈಪು ಹೋಗುವ ದಾರಿ, ವಾಲ್ವಿನ ಜಾಗ, ಜಾಲರಿ ತೊಳೆಯುವ ದಿನ ಎಲ್ಲ ಗುರುತಿಸಿ, ಲ್ಯಾಮಿನೇಟ್ ಮಾಡಿಸಿ ಹೆಡ್ ಮೇಡಂ ಕುರ್ಚಿಯ ಹಿಂದೆ ತೂಗುಹಾಕಿದೆವು. ಅಡುಗೆಮನೆಯಲ್ಲಿ ಇನ್ನೊಂದು ಪ್ರತಿ. ಎರಡನೇ ವರ್ಷದ ಜೂನ್‌ನಲ್ಲಿ ಆ ಮೇಡಂ ವರ್ಗವಾಗಿ ಹೋದರು, ಹೊಸ ಮೇಷ್ಟ್ರು ಬಂದರು. ಪರಿಚಯ ಮಾಡಿಕೊಳ್ಳೋಣ ಅಂತ ನಾವು ಹೋದಾಗ ಅವರು ಅಂಗಳದಲ್ಲಿ ಬಗ್ಗಿ ಜಾಲರಿ ಬಿಚ್ಚುತ್ತಿದ್ದರು. ಅಕ್ಕ ಪಕ್ಕದಲ್ಲಿ ನಿಂತು, "ಎಡಕ್ಕೆ ತಿರುಗ್ಸಿ ಸಾ, ಎಡಕ್ಕೆ" ಅಂತ ಹೇಳಿಕೊಡುತ್ತಿದ್ದರು.